ಹಗರೆಯ ದೀಪಕ್ಕೊಂದು ತಾರಸಿ

ಹಗರೆಯ ವಿಶಾಲಮ್ಮನವರ ಮನೆಯ ಛಾವಣಿ ಇಳಿಜಾರಾಗಿದೆ ಎಂಬ ಸಂಗತಿ 2003ರ ಏಪ್ರಿಲ್‌ನಲ್ಲಿ ಸರ್ಕಾರದ ಗಮನಕ್ಕೆ ಬಂದಿತು. ಅದಕ್ಕೆ ಮೊದಲು ಅದು ಮಳೆಗೆ ಮಾತ್ರ ತಿಳಿದಿತ್ತು.

ವಿಶಾಲಮ್ಮ ರವಿಕೆ ಹೊಲಿಯುವವರು. ಸಂಜೆಯಾದರೆ ಊರಲ್ಲಿ ಕರೆಂಟು ಇರುತ್ತಿರಲಿಲ್ಲ. ಪಕ್ಕದ ಬೀದಿಯ ಮದುವೆ ಮನೆಯವರು ಹೆಣ್ಣಿನ ರವಿಕೆಗಳನ್ನೆಲ್ಲ ಅವರಿಗೇ ಕೊಟ್ಟು, ಭಾನುವಾರದೊಳಗೆ ಆಗದಿದ್ದರೆ ಬಟ್ಟೆ ಬೇಲೂರಿನ ಟೈಲರಿಗೆ ಹೋಗುತ್ತದೆಂದು ಹೇಳಿದ್ದರು. ಹೀಗಿರುವಾಗ, ಅವರು ಎಂದೋ ಅರ್ಜಿ ಹಾಕಿದ್ದ ಸೋಲಾರ್ ದೀಪ ಜೀಪಿನಲ್ಲಿ ಬಂದಿಳಿದದ್ದನ್ನು ಕಂಡು ಅತ್ತೆ ಚಲುವಮ್ಮ ಆರತಿ ತಟ್ಟೆಯನ್ನೇ ತಂದರು.

ಅರಸೀಕೆರೆ ಕಚೇರಿಯ ಇಂಜಿನಿಯರ್ ಸಂಪತ್ಕುಮಾರ್ ತಲೆಯೆತ್ತಿ ನೋಡಿ ಆರತಿಯನ್ನು ತಡೆಹಿಡಿದರು.

"ಅಮ್ಮಾ, ಇದು ತಾರಸಿ ಅಲ್ಲ."

"ಹೆಂಚು ಕಣಪ್ಪ. ಕಾಣಾಕಿಲ್ವಾ?" ಎಂದರು ಅತ್ತೆ.

"ಪ್ಯಾನೆಲ್ ಕೂರಿಸೋ ನಮ್ಮ ಸ್ಟ್ಯಾಂಡು ತಾರಸಿಯದ್ದು. ಹೆಂಚಿಗೆ ಬೇರೆ ಕೊಕ್ಕೆ, ತಗಡಿಗೆ ಬೇರೆ ಹಿಡಿಕೆ ಬೇಕು. ಅವೆರಡನ್ನೂ ಆಯ್ಕೆ ಸಮಿತಿ ಕೈಬಿಟ್ಟಿದೆ."

ಆಯ್ಕೆ ಸಮಿತಿ ಆತುರಪಟ್ಟಿತೆಂದು ಯಾರೂ ಹೇಳುವಂತಿಲ್ಲ. ಈ ಸೀಮೆಯ ಛಾವಣಿಗಳನ್ನು ಅಧ್ಯಯನ ಮಾಡಲು ಸದಸ್ಯರು ಕುಟುಂಬಸಮೇತ ಹಳೇಬೀಡಿಗೆ ಹೋಗಿ, ದೇವಸ್ಥಾನ ಸುತ್ತಿ, ಕೆರೆಯ ಮುಂದೆ ಫೋಟೋ ತೆಗೆಸಿಕೊಂಡು, ಊಟದ ನಂತರ ವರದಿ ಬರೆದಿದ್ದರು: "ಇಲ್ಲಿನ ಜನ ಹೊಯ್ಸಳರ ಕಾಲದಿಂದಲೂ ಚಪ್ಪಟೆ ಛಾವಣಿಗೆ ಒಗ್ಗಿಕೊಂಡಿದ್ದಾರೆ. ಹೆಂಚು ತಾತ್ಕಾಲಿಕ. ತಗಡಿನ ಬಗ್ಗೆ ಶಾಸನಾಧಾರವಿಲ್ಲ."

"ಹಂಗಾರೆ ವಾಪಸ್ ತಗಂಡೋಯ್ತೀರಾ?" ಎಂದರು ಚಲುವಮ್ಮ.

"ವಾಪಸ್ ಒಯ್ಯೋಕೆ ನಿಯಮ ಇಲ್ಲ. ನಿಮ್ಮ ಜಾಗದಲ್ಲಿ ತಾರಸಿ ಇರೋ ಕಟ್ಟಡ ಇನ್ಯಾವುದಾದ್ರೂ ಇದೆಯಾ?"

ಇತ್ತು. ಹಿಂದಿನ ವರ್ಷ ಇನ್ನೊಂದು ಯೋಜನೆಯವರು ಹಿತ್ತಲಲ್ಲಿ ಕಟ್ಟಿಕೊಟ್ಟ ಕಕ್ಕಸು. ಅದಕ್ಕೆ ಭದ್ರವಾದ ತಾರಸಿಯಿತ್ತು, ಗುಂಡಿ ಇರಲಿಲ್ಲ. ಗುಂಡಿ ಮೂರನೆಯ ಯೋಜನೆಯಲ್ಲಿ ಬರಬೇಕಿತ್ತು. ಅಲ್ಲಿಯವರೆಗೆ ಚಲುವಮ್ಮ ಅದರಲ್ಲಿ ಬೆರಣಿ ಜೋಡಿಸಿದ್ದರು.

ಪ್ಯಾನೆಲ್ಲನ್ನು ಅದರ ಮೇಲೆ ಕೂರಿಸಲಾಯಿತು. ವೈರನ್ನು ಮನೆಗೆ ಎಳೆಯಿರೆಂದು ವಿಶಾಲಮ್ಮ ಕೇಳಿದರು.

"ಆಗಲ್ಲಮ್ಮ. ಪ್ಯಾನೆಲ್ ಯಾವ ಛಾವಣಿಯ ಮೇಲಿದೆಯೋ ದೀಪ ಅದೇ ಛಾವಣಿಯ ಕೆಳಗೆ ಉರಿಯತಕ್ಕದ್ದು."

"ಅಲ್ಲಿ ಕೂತು ನಾನೇನ್ ಮಾಡ್ಲಿ ಸಾರ್?"

"ಅದು ನಮ್ಮ ಇಲಾಖೆಗೆ ಬರಲ್ಲ."

ಅಂದು ಕರೆಂಟು ಹೋದಾಗ ಇಡೀ ಬೀದಿಯಲ್ಲಿ ಬೆಳಗುತ್ತಿದ್ದುದು ಕಕ್ಕಸು ಒಂದೇ. ವಿಶಾಲಮ್ಮ ಬೆರಣಿ ಖಾಲಿ ಮಾಡಿಸಿ ಹೊಲಿಗೆ ಮಿಷನ್ನನ್ನು ಒಳಗೆ ತಳ್ಳಿದರು. ಮಿಷನ್ ಹಿಡಿಸಿತು, ಮೊಣಕೈ ಹೊರಗುಳಿಯಿತು. ಅಳತೆ ಕೊಡಲು ಬಂದ ಹೆಂಗಸರು ಬಾಗಿಲಲ್ಲಿ ಸಾಲಾಗಿ ನಿಂತರು.

"ಎಷ್ಟೊತ್ತೇ ಒಳಗೆ? ಬೇಗ ಬಾರೇ!"

"ತಾಳೇ, ಬಿಗಿ ಆಗೈತೆ!"

ದಾರಿಹೋಕರು ಬೇರೆಡೆ ನೋಡುತ್ತ ಬೇಗಬೇಗ ನಡೆದರು.

ಶುಕ್ರವಾರ ಕಕ್ಕಸಿನ ತಪಾಸಣೆಗೆ ಅಧಿಕಾರಿ ಬಂದರು. ಅವರೂ ಸಂಪತ್ಕುಮಾರರೇ.

"ಶೌಚಾಲಯದಲ್ಲಿ ವೃತ್ತಿ ನಡೆಸೋ ಹಾಗಿಲ್ಲ. ಬೀಗ ಹಾಕಬೇಕಾಗುತ್ತೆ."

ಒಳಗೆ ಮದುಮಗಳ ರವಿಕೆಗಳು ತೋಳಿಲ್ಲದೆ ಬಿದ್ದಿದ್ದವು. ವಿಶಾಲಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅಯ್ಯೋ, ಮೊನ್ನೆ ದೀಪ ಹಾಕ್ದೋನು ನೀನೇ ಅಲ್ವೇನಪ್ಪ?" ಎಂದರು ಚಲುವಮ್ಮ.

"ಅದು ಸೋಲಾರ್ ಸಂಪತ್ಕುಮಾರ್. ನಾನು ನೈರ್ಮಲ್ಯ, ಹೆಚ್ಚುವರಿ ಪ್ರಭಾರ."

"ಆ ಮಹಾರಾಯ ದೀಪ ಮನೆಗೆ ಕೊಟ್ಟೆ ಅಂತ್ಲೇ ನಮ್ ಕೈಲಿ ಹೆಬ್ಬೆಟ್ ಒತ್ತಿಸ್ಕಂಡವ್ನೆ. ದೀಪ ಇರಾದು ಇಲ್ಲಿ. ಇದು ಕಕ್ಕಸಾದ್ರೆ ಅವ್ನು ಸುಳ್ಳ ಆಗ್ತಾನಲ್ಲ?"

ಇದು ಗಂಭೀರ ವಿಷಯವಾಗಿತ್ತು. ಇಬ್ಬರು ಅಧಿಕಾರಿಗಳೂ ತೆಂಗಿನ ಮರದ ಕೆಳಗೆ ಬಹಳ ಹೊತ್ತು ಸಮಾಲೋಚಿಸಿದರು. ಒಬ್ಬರೇ ಕಾಣುತ್ತಿದ್ದರು. ಬಳಿಕ ಆದೇಶ ಹೊರಬಿತ್ತು: ದೀಪವಿರುವ ಕಟ್ಟಡವೇ ಮನೆ. ದೀಪವಿಲ್ಲದ ಹೆಂಚಿನ ಕಟ್ಟಡ ಶೌಚಾಲಯ.

"ಅಲ್ಲಿ ನಾವು ಅಡಿಗೆ ಮಾಡ್ತೀವಲ್ಲ ಸಾರ್?" ಎಂದರು ವಿಶಾಲಮ್ಮ.

"ಹೆಂಗಸರು ಮನೆಯವರಿಗೆ ಮಾಡೋ ಅಡಿಗೆ ವೃತ್ತಿ ಅಲ್ಲ. ಅಭ್ಯಂತರವಿಲ್ಲ."

ರವಿಕೆಗಳು ಶನಿವಾರವೇ ಮದುವೆ ಮನೆ ಸೇರಿದವು. ಜೂನ್‌ನಲ್ಲಿ, ನಡುಮನೆ, ಅಡಿಗೆಕೋಣೆ, ದೇವರಗೂಡು ಇರುವ ತಾಲ್ಲೂಕಿನ ಏಕೈಕ ಶೌಚಾಲಯವೆಂದು ಹೆಂಚಿನ ಕಟ್ಟಡಕ್ಕೆ ಬಹುಮಾನ ಬಂತು. ಚಲುವಮ್ಮ ಬೇಲೂರಿಗೆ ಹೋಗಿ ಶಾಲು ಹೊದಿಸಿಕೊಂಡು ಬಂದರು. ಅವರು ಈಗಲೂ ಶೌಚಾಲಯದಲ್ಲೇ ಮಲಗುತ್ತಾರೆ.