ತೂಬಿನ ಹಿಡಿಕೆ

ಎಲ್ಲಕ್ಕೂ ಕಾರಣ ಬೆನ್ನಿನ ತುರಿಕೆ. ಬೆಳಿಗ್ಗೆ ನೀರುಗಂಟಿ ಕೆರೆಯ ಏರಿಯ ಮೇಲೆ ನಿಂತು, ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯಿಂದಲೇ ಬೆನ್ನು ಕೆರೆದುಕೊಂಡ. ಸುಖಕ್ಕೆ ಕಣ್ಣು ಮುಚ್ಚಿತು, ಕೈ ಸಡಿಲವಾಯಿತು, ಹಿಡಿಕೆ 'ಗುಳುಂ' ಎಂದಿತು.

ಕಂಡಕಂಡವರು ತೂಬು ತೆಗೆಯಬಾರದೆಂದು ಊರಿಗೆಲ್ಲ ಇದ್ದದ್ದು ಅದೊಂದೇ ಹಿಡಿಕೆ. ಹಿಂದಿನ ನೀರುಗಂಟಿ ಹಿಡಿಕೆ ಕಳೆದ ದಿನವೇ ಕೆಲಸವನ್ನೂ ಕಳೆದುಕೊಂಡಿದ್ದ. ಸಂಜೆಯೊಳಗೆ ಕೆಳಗಿನ ಹೊಲಗಳಿಗೆ ನೀರು ಬಿಡಲೇಬೇಕು.

ಸೊಂಟಮಟ್ಟ ನೀರಿಗಿಳಿದು ಕಾಲಲ್ಲೇ ತಡಕುತ್ತಿದ್ದಾಗ ದರ್ಜಿ ಬಂದ.

"ಏನಣ್ಣಾ, ಎಮ್ಮೆ ಥರ ನಿಂತ್ಬಿಟ್ಟಿದ್ದೀಯ?"

"ಉಂಗುರ ಬಿದ್ದುಹೋಯ್ತು ಮಾರಾಯ!" ಎಂದವನೇ, ಬೆರಳಲ್ಲಿದ್ದ ಮದುವೆಯ ಉಂಗುರವನ್ನು ನೀರೊಳಗೇ ಕಳಚಿ ಅಂಗಿಯ ಜೇಬಿಗಿಳಿಸಿದ.

ದರ್ಜಿಯ ಬಾಯಿ ಅವನ ಹೊಲಿಗೆ ಯಂತ್ರಕ್ಕಿಂತ ಚುರುಕು. ಗಳಿಗೆಯಲ್ಲಿ ಅರ್ಧ ಊರು ಕೆರೆಗಿಳಿಯಿತು. ಕಡಲು ಕಡೆದವರಿಗೆ ಕೊನೆಗಾದರೂ ಅಮೃತ ಸಿಕ್ಕಿತ್ತು. ಮಧ್ಯಾಹ್ನ ಕಳೆದರೂ ಇವರಿಗೆ ಸಿಕ್ಕಿದ್ದು ಒಂಟಿ ಚಪ್ಪಲಿ, ತಳವಿಲ್ಲದ ಬಿಂದಿಗೆ.

ಹೆಂಡತಿಯೂ ಓಡಿಬಂದಳು. "ಉಂಗುರಾನ ಕೆರೆಗೆ ಹಾಕಿದ್ರಲ್ಲ, ನನ್ನನ್ನೂ ಹಾಕ್ಬಿಡಿ!" ಎಂದು ಏರಿಯ ಮೇಲೆ ಕುಸಿದು ಕೂತಳು.

ಬಡಗಿಗೆ ಉಪಾಯ ಹೊಳೆಯಿತು. "ಸುಮ್ನೆ ಯಾಕೆ ಒದ್ದಾಡ್ತೀರಿ? ತೂಬು ತೆಗೀರಿ, ನೀರಿಳಿದ್ರೆ ತಾನೇ ಕಾಣುತ್ತೆ. ಎಲ್ಲಪ್ಪಾ ಹಿಡಿಕೆ?"

ಎಲ್ಲರೂ ನೀರುಗಂಟಿಯತ್ತ ತಿರುಗಿದರು. ಅವನು ಇನ್ನೊಂದು ಹೆಜ್ಜೆ ಆಳಕ್ಕೆ ಸರಿದ.

"ಅಯ್ಯಯ್ಯೋ!" ಭಾವಮೈದ ಎಡವಿ ಮುಳುಗಿದ. ಎದ್ದಾಗ ಕೈಯಲ್ಲಿ ಹಿಡಿಕೆ. "ಭಾವಾ, ಇದ್ಯಾಕೆ ಇಲ್ಲಿದೆ?"

"ಉಂಗುರ ಹುಡುಕೋ ಗಾಬರೀಲಿ ಕೈಜಾರ್ತು ಕಣೋ!"

ಹೋದ ಜೀವ ಬಂದಂತಾಯಿತು. ನೀರುಗಂಟಿಗೆ ಒಮ್ಮೆಲೇ ವೈರಾಗ್ಯ ಬಂತು. "ಉಂಗುರ ಹೋದ್ರೆ ಹೋಗ್ಲಿ, ಪೈರು ಉಳೀಲಿ. ಎಲ್ಲಾ ಮನೆಗೆ ನಡೀರಪ್ಪಾ."

"ಎಂಥಾ ದೊಡ್ಡ ಮನಸ್ಸು!" ಎನ್ನುತ್ತ ಜನ ಹೊರಟರು. ಹೆಂಡತಿ ಮಾತ್ರ ಏರಿಯ ಮೇಲಿಂದ ಏಳಲಿಲ್ಲ.

ಆಮೇಲೆ ಕೆಸರಲ್ಲಿ ಸಿಕ್ಕಿತೆಂದು ಉಂಗುರ ತೋರಿಸಿ ಹೆಂಡತಿಯನ್ನು ನಗಿಸಿದರಾಯಿತು ಎಂದುಕೊಳ್ಳುತ್ತ, ಅವನು ಹಿಡಿಕೆ ಸಿಕ್ಕಿಸಿ, ಬಗ್ಗಿ ತಿರುಗಿಸಿದ. ತೂಬು ಭೋರ್ಗರೆಯಿತು. ಅದೇ ಹೊತ್ತಿಗೆ ಜೇಬಿನಿಂದ ಏನೋ ಹೊಳೆಯುತ್ತ ಜಾರಿ, ಕಲ್ಲಿಗೆ ಬಡಿದು, ಸುಳಿಯೊಳಗೆ 'ಗುಳುಂ' ಎಂದಿತು.

"ಉಂಗುರ! ಉಂಗುರ ಬಿತ್ತು!"

ದರ್ಜಿ ತಿರುಗಿ ನೋಡಿದ. "ಬೆಳಿಗ್ಗೇನೇ ಹೇಳಿದ್ಯಲ್ಲಣ್ಣಾ. ನೀರು ತಲೆಗೇರಿದೆ, ಹೋಗಿ ಒರೆಸ್ಕೋ."

ನೀರುಗಂಟಿ ಹಿಡಿಕೆಯನ್ನು ಎದೆಗವುಚಿಕೊಂಡ. ಕೆಲಸ ಉಳಿಯಿತು. ಬೆಳಗಿನಿಂದ ಹೊತ್ತಿದ್ದ ಸುಳ್ಳಿನ ಪಾಪವನ್ನೂ ದೇವರು ಇಳಿಸಿಬಿಟ್ಟಿದ್ದ. ಹೇಳಿದ್ದೆಲ್ಲ ಈಗ ನಿಜ.

ನಿಟ್ಟುಸಿರು ಬಿಟ್ಟು ಹೆಂಡತಿಯ ಪಕ್ಕ ಕೂತ. ಹಿಡಿಕೆಯನ್ನು ಜೋಪಾನವಾಗಿ ತೊಡೆಯ ಕೆಳಗಿಟ್ಟುಕೊಂಡು ಮೆಲ್ಲನೆ ಕೇಳಿದ:

"ಲೇ, ಸ್ವಲ್ಪ ಬೆನ್ನು ಕೆರೀತೀಯಾ?"