ಬೈಗುಳದ ಪಾಲುದಾರ

ಕಲಾವಿದನ ಕಣ್ಣು ಸೂಕ್ಷ್ಮವಾಗಿರಬೇಕು ಎನ್ನುತ್ತಾರೆ. ನನ್ನ ಕಣ್ಣು ಸೂಕ್ಷ್ಮವಾಗಿಯೇ ಇದೆ; ನನಗೆ ಕೈಕೊಟ್ಟದ್ದು ಕಿವಿ.

ನನ್ನ ಕಸುಬು ಸಾಕುಬೆಕ್ಕುಗಳ ಭಾವಚಿತ್ರ ಬರೆಯುವುದು. (ನಗಬೇಡಿ. ಮನುಷ್ಯರಾದರೆ ಮೂಗು ದಪ್ಪವಾಯಿತು, ಗಲ್ಲ ಜೋತುಬಿತ್ತು ಎಂದು ತಕರಾರು ತೆಗೆಯುತ್ತಾರೆ. ಬೆಕ್ಕು ತನ್ನ ಚಿತ್ರದತ್ತ ತಿರುಗಿಯೂ ನೋಡುವುದಿಲ್ಲ.) ಫೋಟೋ ನೋಡಿ ಬರೆಯುವುದು ನನ್ನ ಘನತೆಗೆ ಕುಂದು. ಹಾಗಾಗಿ ಬೆಕ್ಕು ಖುದ್ದಾಗಿ ಬಂದು, ಚಿತ್ರ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಬಿಡಾರ ಹೂಡಬೇಕು.

ಈ ಸಲ ಬಂದದ್ದು ಹಲ್ಲಿನ ಡಾಕ್ಟರಮ್ಮನ ಬೂದು ಬೆಕ್ಕು. ತೂಕದಲ್ಲಿ ಕುಂಬಳಕಾಯಿ, ಗತ್ತಿನಲ್ಲಿ ನಿವೃತ್ತ ನ್ಯಾಯಾಧೀಶ. ಬಂದ ದಿನವೇ ನನ್ನ ಕುರ್ಚಿಯನ್ನು ಆಕ್ರಮಿಸಿತು, ಹೆಂಡತಿ ಮಡಿಸಿಟ್ಟ ಬಟ್ಟೆಯ ಮೇಲೆಲ್ಲ ಕೂದಲು ಉದುರಿಸಿತು.

"ಸೋಂಬೇರಿ! ತಿನ್ನೋದು, ಬಿದ್ಕೊಳ್ಳೋದು ಬಿಟ್ರೆ ಬೇರೇನಾದ್ರೂ ಗೊತ್ತಾ?" ಎಂದು ಅಡುಗೆಮನೆಯಿಂದ ಗರ್ಜನೆ ಕೇಳಿಸಿತು. ಅಭ್ಯಾಸಬಲದಿಂದ ನಾನು ಎದ್ದು ನಿಂತೆ.

"ನಿಮಗಲ್ಲ ರೀ, ಅದಕ್ಕೆ ಹೇಳಿದ್ದು!"

ಅಂದಿನಿಂದ ಮನೆಯ ಬೈಗುಳಕ್ಕೆ ಇಬ್ಬರು ಪಾಲುದಾರರಾದೆವು. ದೊಡ್ಡ ಪಾಲು ಬೆಕ್ಕಿಗೇ ಹೋಗುತ್ತಿತ್ತು. ನಾನು ಮೀಸೆ ಬರೆಯಲು ಕುಂಚ ಎತ್ತುವಷ್ಟರಲ್ಲಿ, "ಕಸ ಗುಡಿಸಬೇಕು" ಎಂದು ಹೆಂಡತಿ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಎಷ್ಟು ಹೊತ್ತಾದರೂ ಬೆಕ್ಕೂ ಬರುತ್ತಿರಲಿಲ್ಲ, ಪೊರಕೆಯ ಸದ್ದೂ ಬರುತ್ತಿರಲಿಲ್ಲ. ದಿನಾ ಸಂಜೆ ಮಾತ್ರ ಒಂದೇ ಪ್ರಶ್ನೆ: "ಮುಗೀತಾ ನಿಮ್ಮ ಚಿತ್ರ?"

ಪಾಪ, ಬೆಕ್ಕಿನ ಕಾಟಕ್ಕೆ ರೋಸಿಹೋಗಿದ್ದಾಳೆ ಎಂದುಕೊಂಡೆ. ಅವಳು ಅಕ್ಕನ ಮನೆಗೆ ಹೋದ ದಿನ ಒಂದೇ ಪಟ್ಟಿಗೆ ಕೂತು ಚಿತ್ರ ಮುಗಿಸಿದೆ. ಡಾಕ್ಟರಮ್ಮನನ್ನು ಕರೆಸಿ, ಚಿತ್ರವನ್ನೂ ಬೆಕ್ಕನ್ನೂ ಒಪ್ಪಿಸಿ, ಬಾಗಿಲಲ್ಲಿ ವಿಜಯೀವೀರನಂತೆ ಕಾದು ನಿಂತೆ.

"ಎಲ್ಲಿ ಆ ಸೋಂಬೇರಿ?" ಎನ್ನುತ್ತಲೇ ಹೆಂಡತಿ ಒಳಗೆ ಬಂದಳು.

"ಕಳಿಸಿಬಿಟ್ಟೆ! ನಿನ್ನ ಪೀಡೆ ತೊಲಗಿತು ನೋಡು!"

ಅವಳು ಚೀಲಕ್ಕೆ ಕೈಹಾಕಿ ಒಂದು ಪುಟ್ಟ ಬ್ರಷ್ ತೆಗೆದು ಮೇಜಿನ ಮೇಲಿಟ್ಟಳು. ಬೆಕ್ಕಿನ ಕೂದಲು ಬಾಚುವಂಥದ್ದು. ಹೊಸದು.

"ಒಂದು ಮಾತು ಕೇಳ್ಬಾರ್ದಿತ್ತಾ?"

"ದಿನಾ ಬೈತಿದ್ದೆಯಲ್ಲೇ ಅದಕ್ಕೆ!"

"ನಿಮಗೂ ದಿನಾ ಬೈತೀನಿ. ನಿಮ್ಮನ್ನ ಯಾರಿಗಾದ್ರೂ ಕೊಟ್ಟುಬಿಟ್ನಾ?"

ಇಷ್ಟು ವರ್ಷ ಅದೇ ಬೈಗುಳ ಉಂಡು ದುಂಡಗಾದ ನನಗೆ ಅದರ ರುಚಿ ಗೊತ್ತಾಗಬೇಡವೇ? 'ಮುಗೀತಾ' ಎಂದು ಕೇಳುವಾಗ ಅವಳ ದನಿಯಲ್ಲಿದ್ದದ್ದು ಬೇಸರವಲ್ಲ, ಭಯ. ಮುಗಿಯದಿರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಾಗ ನಾನು ಮೀಸೆಯ ಎಳೆ ಎಣಿಸುತ್ತಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಮರುದಿನವೇ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಓಡಿ, ಬೆಕ್ಕನ್ನು ಇನ್ನೊಂದು ವಾರ ಕಳಿಸಿ ಎಂದು ಅಂಗಲಾಚಿದೆ. "ಚಿತ್ರ ಸ್ವಲ್ಪವೂ ತಿದ್ದೋ ಹಾಗಿಲ್ಲ, ಅಷ್ಟು ಚೆನ್ನಾಗಿದೆ. ಮತ್ತೆ ಯಾಕೆ?" ಎಂದರು ಆಕೆ. ಜೀವಮಾನದಲ್ಲಿ ಮೊದಲ ಬಾರಿಗೆ ಹೊಗಳಿಕೆ ಕೇಳಿ ಅಳು ಬಂತು. (ಕಾಯುತ್ತಿದ್ದವರು ಹಲ್ಲುನೋವೆಂದು ಮರುಗಿದರು.)

ಈಗ ಬೆಕ್ಕಿಲ್ಲದ ಮನೆಯಲ್ಲಿ ಪರಮ ಶಾಂತಿ. ಒದ್ದೆ ಟವೆಲು ಹಾಸಿಗೆಯ ಮೇಲೆ ಬಿಟ್ಟರೂ ಸೊಲ್ಲಿಲ್ಲ. ಬಣ್ಣದ ಕುಂಚವನ್ನು ಅವಳ ಕಾಫಿ ಲೋಟದಲ್ಲಿ ಅದ್ದಿದೆ, ಸುಮ್ಮನೆ ತೊಳೆದಿಟ್ಟಳು. ತಡೆಯಲಾರದೆ ನಿನ್ನೆ ಹಾಲಿನ ಪಾತ್ರೆಯನ್ನೇ ಬೇಕೆಂದು ಉರುಳಿಸಿ, ತಲೆ ತಗ್ಗಿಸಿ ನಿಂತೆ. ಅವಳು ಬಂದಳು. ನೆಲ ನೋಡಿದಳು, ನನ್ನನ್ನು ನೋಡಿದಳು. ಸೋಂಬೇರಿ ಅನ್ನು, ದಂಡಪಿಂಡ ಅನ್ನು, ಏನಾದರೂ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಪರವಾಗಿಲ್ಲ ಬಿಡಿ," ಎಂದಳು, ಮನೆಗೆ ಬಂದ ಅತಿಥಿಗೆ ಹೇಳುವ ಹಾಗೆ.