ಉತ್ತರದ ಹೆದ್ದಾರಿಯಲ್ಲಿ ಮೂಸುವ ನಾಯಿಯವರಿಗೆ

ಮಾನ್ಯ ಶ್ವಾನ ಮಹಾಶಯರೇ,

ತಮ್ಮ ಮೂಗು ಸದಾ ತೇವವಾಗಿರಲಿ, ಬಾಲಕ್ಕೆ ಎಂದೂ ಬಿಡುವು ಸಿಗದಿರಲಿ ಎಂದು ಹಾರೈಸುತ್ತಾ, ಟೆಕ್ಸಾಸಿನ ದಕ್ಷಿಣದಂಚಿನ ಮೆಕ್ಯಾಲೆನ್ ಊರಿನ ಇತ್ಸೆಲ್ ಬರ್ರಿಯೆಂತೋಸ್ ಎಂಬ ನಾನು ಮಾಡಿಕೊಳ್ಳುವ ದೂರು ಇದು.

ಉತ್ತರದ ದೊಡ್ಡ ವಿಶ್ವವಿದ್ಯಾಲಯವೊಂದು ನನಗೆ ಗಣಿತ ಓದಲು ಸೀಟು ಕೊಟ್ಟಿತು. ಈ ದೇಶದ ಕಾಗದಪತ್ರ ನನ್ನಲ್ಲಿಲ್ಲ ಎಂದು ಅವರು ತಕರಾರು ಮಾಡಲಿಲ್ಲ. ಆದರೆ ಉತ್ತರಕ್ಕೆ ಹೋಗುವ ಪ್ರತಿ ಗಾಡಿಯನ್ನೂ ನಿಲ್ಲಿಸಿ ಕಾಗದ ಕೇಳುವ ಗಡಿ ಪೊಲೀಸರ, ಅಂದರೆ ತಮ್ಮ, ತನಿಖಾ ಠಾಣೆ ದಾರಿಯ ನಡುವೆ ಇದೆ. ಕಾಲೇಜಿಗೆ ಬೇಡವಾದ ಕಾಗದ ರಸ್ತೆಗೆ ಬೇಕಂತೆ!

ಹೀಗಾಗಿ, ಇಲ್ಲೇ ಹುಟ್ಟಿ ಕಾಗದ ಸಂಪಾದಿಸಿದ, ಗಣಿತದಲ್ಲಿ ಮಾತ್ರ ಪದೇ ಪದೇ ಡುಮ್ಕಿ ಹೊಡೆದ ನನ್ನ ತಮ್ಮ ಉಬಾಲ್ದೋ, ನನ್ನ ಪರವಾಗಿ ಕಾಲೇಜು ನೋಡಲು ಹೊರಟ. "ಬರಿಗೈಲಿ ಹೋಗ್ಬೇಡ ಕಣೋ" ಎಂದು ಅಮ್ಮ ಒಂದು ಪಾತ್ರೆ ತುಂಬ ತಮಾಲೆ, ಅಂದರೆ ಹಂದಿಮಾಂಸ ತುಂಬಿದ ಮೆಕ್ಕೆಜೋಳದ ಕಡುಬು, ಕಟ್ಟಿಕೊಟ್ಟಳು. ಅದನ್ನು ತಾವು ಎಂಥ ಭಕ್ತಿಯಿಂದ ಮೂಸಿದಿರೆಂದರೆ, ತಮ್ಮ ಅಧಿಕಾರಿಗಳು ಡಿಕ್ಕಿ ತೆರೆಸಿ, ನಕ್ಕು, ಒಂದನ್ನು ತಿಂದೇ ಅವನನ್ನು ಬಿಟ್ಟರಂತೆ. ಅಂಥ ಘ್ರಾಣಶಕ್ತಿಗೆ ನಮ್ಮ ಮನೆಯ ಸಾಷ್ಟಾಂಗ ನಮಸ್ಕಾರ.

ಅಲ್ಲಿಂದ ಅವನ ವಿಡಿಯೋ ಕರೆ ಬಂತು. "ಅಕ್ಕಾ, ಲೈಬ್ರರಿ ನೋಡೇ! ನಮ್ ಬೀದಿನೇ ಒಳಗೆ ಮಲಗಿಸ್ಬೋದು! ನಾನಂತೂ ಒಳಗೆ ಹೋಗಲ್ಲಪ್ಪ, ಯಾರಾದ್ರೂ ಲೆಕ್ಕ ಕೇಳಿಬಿಟ್ರೆ?" ನಾವು ಹೊಟ್ಟೆ ಹಿಡಿದು ನಕ್ಕೆವು. ನಗು ನಿಂತ ಮೇಲೂ ಅಮ್ಮನ ಕಣ್ಣು ಒದ್ದೆಯಾಗಿಯೇ ಇತ್ತು. "ಹೋಗ್ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ ಮಗಳೇ. ಹೋಗು ಅನ್ನೋಕೆ ಧೈರ್ಯ ಇಲ್ಲ" ಎಂದಳು.

ಆಗಲೇ ನನಗೆ ಶ್ವಾನ ಮಹಾಶಯರಾದ ತಮ್ಮ ನೆನಪಾದದ್ದು. ಒಂದೇ ಒಂದು ಬೆಳಿಗ್ಗೆ ತಾವು ನೆಗಡಿ ಬರಿಸಿಕೊಂಡು, ತಮ್ಮ ಅಧಿಕಾರಿಗಳಿಗೂ ಅಂಟಿಸಿ, ಎಲ್ಲರೂ ಸೀನುತ್ತಿರುವಾಗ ನಾನು ದಾಟಿಬಿಡುವಂತೆ ಕೃಪೆ ತೋರಬಾರದಿತ್ತೇ?

ತೋರಲಿಲ್ಲ. ಸಿಕ್ಕಿಬಿದ್ದು, ನನ್ನನ್ನು ದೇಶದಿಂದಾಚೆ ಕಳಿಸಿಬಿಟ್ಟರೆ ಅಮ್ಮನ ಗತಿಯೇನೆಂದು ಯೋಚಿಸಿ, ಅತ್ತು, ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದ ಊರಿನ ಕಾಲೇಜಿಗೇ ಸೇರಿದೆ. ಮೊದಲ ವಾರವೇ ಮೇಡಂ ಬೋರ್ಡಿನ ಮೇಲೆ ಮಾಡಿದ ಲೆಕ್ಕಕ್ಕೆ ಇನ್ನೊಂದು ದಾರಿಯಿದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. "ಹಾಗಾದ್ರೆ ಬಾ, ನೀನೇ ಬರಿ" ಎಂದು ಅವರು ಸೀಮೆಸುಣ್ಣ ಕೈಗಿಟ್ಟರು. ಬರೆದೆ, ಬರೆದೆ, ಬೋರ್ಡು ಮುಗಿದರೂ ಲೆಕ್ಕ ಮುಗಿಯದೆ ಪಕ್ಕದ ಗೋಡೆಗೂ ದಾಟಿದೆ. ಅಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ ಸ್ವಾಮಿ! ಇಡೀ ತರಗತಿ ಚಪ್ಪಾಳೆ ತಟ್ಟಿತು. ಅಮ್ಮನಿಗೆ ಹೇಳಲು ಬಸ್‌ಸ್ಟಾಪಿನವರೆಗೂ ಓಡಿದೆ.

ತಮ್ಮ ಮೂಗು ಎಳೆದ ಗೆರೆಯೊಳಗೇ ಕುಣಿಯುತ್ತಿರುವ,
ತಮ್ಮ ವಿಶ್ವಾಸಿ,
ಇತ್ಸೆಲ್

ವಿ.ಸೂ.: ತಾವು ಹುಟ್ಟಿದ್ದು ಹಾಲೆಂಡಿನಲ್ಲಿ, ಮರಿಯಾಗಿದ್ದಾಗಲೇ ಇಲ್ಲಿಗೆ ಬಂದವರು ಎಂದು ಅಧಿಕಾರಿಗಳು ಉಬಾಲ್ದೋಗೆ ಹೇಳಿದರಂತೆ. ನನ್ನನ್ನೂ ಎರಡು ವರ್ಷದವಳಿದ್ದಾಗ ಗಡಿಯಾಚೆಯಿಂದ ಎತ್ತಿಕೊಂಡು ಬಂದರು. ತಮಗೆ ಕೆಲಸ, ಊಟ, ವಸತಿ ಕೊಟ್ಟ ಆ ಕಚೇರಿಯ ವಿಳಾಸ ದಯಪಾಲಿಸಿ. ಬೇಕಾದರೆ ಮೂಸುವುದನ್ನೂ ಕಲಿಯುತ್ತೇನೆ.